ಖಾಲಿ ಆಸನವನ್ನು ಗಮನಿಸುವವರು ಯಾರು?

2020ರ ಜೂನ್ 26ರಂದು ಸಿಂಗಪುರದ ಪ್ರಾರ್ಥನಾಲಯಗಳಿಗೆ ಸಾಮೂಹಿಕ ಆರಾಧನೆ ನಡೆಸಲು ಮತ್ತೆ ಅನುಮತಿ ದೊರೆತಾಗ, ಒಂದು ಹೊತ್ತಿಗೆ ಸೇರಬಹುದಾಗಿದ್ದವರ ಸಂಖ್ಯೆ 50. ಮುಖಗವಸು ಧರಿಸಿ, ಅಂತರ ಕಾಯ್ದುಕೊಂಡು, ದನಿಗೂಡಿಸಿ ಹಾಡದೆ ಆರಾಧನೆ ಮುಗಿಸಿ ಮನೆಗೆ ಮರಳಬೇಕಿತ್ತು. ಆ ನಿರ್ಬಂಧಗಳು ತೆರವಾಗಿ ವರ್ಷಗಳೇ ಆದವು. ಆದರೆ ಆ ಕಾಲ ಎತ್ತಿದ ಪ್ರಶ್ನೆ ಮಾತ್ರ ಉಳಿದುಕೊಂಡಿದೆ: ಪ್ರಾರ್ಥನೆಯೂ ಪ್ರವಚನವೂ ಮನೆಯ ಪರದೆಯ ಮೇಲೆಯೇ ದೊರೆಯುವಾಗ ಚರ್ಚಿಗೆ ಹೋಗುವುದೇಕೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಮನೆಯಲ್ಲಿ ಕುಳಿತು ಆರಾಧನೆ ನೋಡುವವರ ಭಕ್ತಿ ಸಡಿಲವಾಗಿದೆ ಎಂಬುದು ಒಂದು. ಕಾಲ ಬದಲಾಗಿದೆ, ಸಭೆಯೂ ಬದಲಾಗಬೇಕು ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳು. ಮೊದಲನೆಯದು ಬಾರದವರ ಕಷ್ಟವನ್ನು ಕಾಣುವುದಿಲ್ಲ. ಎರಡನೆಯದು ಬಂದವರ ನಡುವೆ ಏನು ನಡೆಯುತ್ತದೆ ಎಂಬುದನ್ನು ಕಾಣುವುದಿಲ್ಲ.

ಪರದೆ ಮಾಡಿದ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. 2020ರ ಆರಂಭದಲ್ಲಿ ಸಿಂಗಪುರದಲ್ಲಿ ಕಾಣಿಸಿಕೊಂಡ ಮೊದಲ ಸೋಂಕು ಗುಚ್ಛಗಳ ಪೈಕಿ ಎರಡು ಚರ್ಚುಗಳೊಂದಿಗೆ ನಂಟು ಹೊಂದಿದ್ದವು. ಫೆಬ್ರವರಿ 15ರಿಂದ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯವು ಬಲಿಪೂಜೆಗಳನ್ನು ಸ್ಥಗಿತಗೊಳಿಸಿತು. ಏಪ್ರಿಲ್ 7ರಿಂದ 'ಸರ್ಕಿಟ್ ಬ್ರೇಕರ್' ಎಂಬ ಹೆಸರಿನ ನಿರ್ಬಂಧದ ಅವಧಿ ಆರಂಭವಾಗಿ ಎಲ್ಲ ಪ್ರಾರ್ಥನಾಲಯಗಳೂ ಬಾಗಿಲು ಮುಚ್ಚಿದವು. ಸೇರದೆ ಇರುವುದೇ ನೆರೆಯವರ ಮೇಲಿನ ಪ್ರೀತಿಯಾಗಿದ್ದ ದಿನಗಳವು. ಆಗ ನೇರಪ್ರಸಾರವಿಲ್ಲದಿದ್ದರೆ ಎಷ್ಟೋ ಹಿರಿಯರಿಗೆ ವಾರವೆಂಬುದೇ ಆಕಾರ ಕಳೆದುಕೊಳ್ಳುತ್ತಿತ್ತು. ಇಂದಿಗೂ ಹಾಸಿಗೆ ಹಿಡಿದವರಿಗೆ, ಗಾಲಿಕುರ್ಚಿಯಲ್ಲಿರುವವರಿಗೆ, ಭಾನುವಾರದ ಪಾಳಿಯಲ್ಲಿ ದುಡಿಯುವ ದಾದಿಯರಿಗೆ ಅದು ಆಸರೆ. ಕ್ಯಾಮೆರಾ ತೆಗೆದುಹಾಕಿದರೆ ಜನ ತಾವಾಗಿ ಬರುತ್ತಾರೆ ಎಂಬ ವಾದದಲ್ಲಿ ಕರುಣೆಯೂ ಇಲ್ಲ, ವಿವೇಕವೂ ಇಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಕನ್ನಡದ ಕ್ರೈಸ್ತ ಬರಹಗಳಲ್ಲಿ ಸಭೆಯ ಒಡನಾಟವನ್ನು ಸೂಚಿಸಲು ಬಹುಕಾಲದಿಂದ ಬಳಕೆಯಲ್ಲಿರುವ 'ಅನ್ಯೋನ್ಯತೆ' ಎಂಬ ಪದವೇ ಅದನ್ನು ಹೇಳುತ್ತದೆ. ಒಬ್ಬರು ಇನ್ನೊಬ್ಬರಿಗೆ, ಇನ್ನೊಬ್ಬರು ಇವರಿಗೆ ಎಂಬ ಎರಡು ಕಡೆಯ ಚಲನೆ ಆ ಪದದೊಳಗಿದೆ. ನೇರಪ್ರಸಾರಕ್ಕೆ ಇರುವುದು ಒಂದೇ ದಿಕ್ಕು. ನೋಡುವವರಿಗೆ ಸಭಾಪಾಲಕರು ಕಾಣುತ್ತಾರೆ. ಸಭಾಪಾಲಕರಿಗೆ ನೋಡುವವರು ಕಾಣುವುದಿಲ್ಲ. ಪರದೆಯ ಮೂಲೆಯಲ್ಲಿ ಮೂಡುವ ವೀಕ್ಷಕರ ಸಂಖ್ಯೆ 412ರಿಂದ 411ಕ್ಕೆ ಇಳಿದರೆ ಅದು ಯಾರೆಂದು ಯಾರಿಗೂ ಗೊತ್ತಾಗದು.

ಈ ತಾಕಲಾಟ ಹೊಸದೇನಲ್ಲ. ಆದಿಸಭೆಗಳು ಬಹುಮಟ್ಟಿಗೆ ಪತ್ರಗಳಿಂದಲೇ ಒಂದಕ್ಕೊಂದು ಬೆಸೆದುಕೊಂಡಿದ್ದವು. ಆದರೂ ಯೋಹಾನನ ಎರಡನೆಯ ಪತ್ರವನ್ನು ಬರೆದವರು ಕೊನೆಯಲ್ಲಿ, ಹೇಳಬೇಕಾದ್ದು ಇನ್ನೂ ಬಹಳವಿದೆ, ಆದರೆ ಅದನ್ನು ಕಾಗದ ಮಸಿಗಳಿಗೆ ಬಿಡದೆ ಮುಖಾಮುಖಿ ಬಂದು ಮಾತನಾಡುವ ಆಸೆಯಿದೆ ಎಂಬ ಅರ್ಥದ ಮಾತನ್ನು ಸೇರಿಸಿದ್ದಾರೆ. ಪತ್ರ ಬೇಡವೆಂದು ಅವರು ಹೇಳಲಿಲ್ಲ. ಪತ್ರ ಸಾಲದೆಂದು ಹೇಳಿದರು. 2002ರಲ್ಲಿ ವ್ಯಾಟಿಕನ್ ಅಂತರ್ಜಾಲದ ಕುರಿತು ಹೊರಡಿಸಿದ ದಾಖಲೆಯೂ ಹೆಚ್ಚುಕಡಿಮೆ ಇದೇ ನಿಲುವು ತಳೆಯಿತು. ಅಂತರ್ಜಾಲವನ್ನು ಅದು ಸ್ವಾಗತಿಸಿತು, ಆದರೆ ಅಲ್ಲಿ ಸಂಸ್ಕಾರಗಳಿಲ್ಲ ಎಂದು ಸ್ಪಷ್ಟಪಡಿಸಿತು. ರೊಟ್ಟಿಯನ್ನು ಕೈಯಿಂದ ಕೈಗೇ ಕೊಡಬೇಕು.

ಸಭೆಯ ಅನ್ಯೋನ್ಯತೆಯನ್ನು ಅಳೆಯಲು ಬಂದವರ ಸಂಖ್ಯೆ ಒಳ್ಳೆಯ ಅಳತೆಗೋಲಲ್ಲ. ಒಬ್ಬರು ಬಾರದಿದ್ದಾಗ ಅದು ಯಾರ ಗಮನಕ್ಕೆ ಬರುತ್ತದೆ, ಬಂದ ಮೇಲೆ ಅವರು ಏನು ಮಾಡುತ್ತಾರೆ ಎಂಬುದೇ ನಿಜವಾದ ಪರೀಕ್ಷೆ. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಈ ಗಮನಿಸುವ ಕೆಲಸಕ್ಕೆ ಒಂದು ವ್ಯವಸ್ಥೆಯನ್ನೇ ರೂಪಿಸಿಕೊಂಡಿದ್ದಾರೆ. ಮಂಗಳೂರು ಸೀಮೆಯಲ್ಲಿ ಪ್ರತಿ ಧರ್ಮಕೇಂದ್ರವೂ 'ವಾಡೊ' ಎಂಬ ಕಿರುವಿಭಾಗಗಳಾಗಿ ಹಂಚಿಹೋಗಿರುತ್ತದೆ. ಪ್ರತಿ ವಾಡೊಗೂ ಒಬ್ಬ ಗುರಿಕಾರ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು, ಯಾವ ಮನೆಗಳ ನಡುವೆ ಮಾತು ನಿಂತಿದೆ ಎಂಬುದು ಗುರಿಕಾರನಿಗೆ ತಿಳಿದಿರಬೇಕೆಂಬ ನಿರೀಕ್ಷೆ ಇರುತ್ತದೆ. ಅವನು ಪಂಡಿತನಾಗಬೇಕಿಲ್ಲ, ಭಾಷಣಕಾರನಾಗಬೇಕಿಲ್ಲ. ಇಂತಿಷ್ಟು ಮನೆಗಳು ನನ್ನ ಹೊಣೆ ಎಂದು ತಿಳಿದವನಾದರೆ ಸಾಕು.

ಅದೇ ಸಮುದಾಯದ ಮೊಂತಿ ಹಬ್ಬವೂ ಇಲ್ಲಿ ನೆನಪಾಗಬೇಕು. ಸೆಪ್ಟೆಂಬರ್ 8ರಂದು ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಾಗಿ ಸೇವಿಸುತ್ತಾರೆ. ಪರದೇಶಗಳಲ್ಲಿರುವ ಮಕ್ಕಳಿಗೆ ಆ ಕಾಳುಗಳನ್ನು ಅಂಚೆಯಲ್ಲಿ ಕಳಿಸುವ ರೂಢಿಯಿದೆ. ಊಟಕ್ಕೆ ಬಾರದವನ ಲೆಕ್ಕವೂ ಆ ಊಟದಲ್ಲಿ ಸೇರಿರುತ್ತದೆ. ದೂರವಿರುವವರೊಂದಿಗೆ ಸಂಬಂಧ ಉಳಿಸಿಕೊಳ್ಳುವ ಬಗೆಯೆಂದರೆ ಇದು: ಅವರಿಲ್ಲವೆಂಬುದನ್ನು ಮರೆಯದಿರುವುದು.

ಸಿಂಗಪುರದ ಚರ್ಚುಗಳಿಗೆ ಈ ವಿಚಾರ ಅಪರಿಚಿತವಲ್ಲ. ಬ್ಯೂನಾ ವಿಸ್ತಾದಲ್ಲಿ ನ್ಯೂ ಕ್ರಿಯೇಷನ್ ಚರ್ಚ್ ಆರಾಧನೆಗೆ ಸೇರುವ ಸಭಾಂಗಣದಲ್ಲಿ 5,000 ಆಸನಗಳಿವೆ. ಅಷ್ಟು ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿನವರು ಕೂಡ ಪರದೆಯನ್ನೇ ನೋಡುತ್ತಾರೆ. ಪಕ್ಕದಲ್ಲಿ ಕುಳಿತವರ ಹೆಸರು ತಿಳಿಯದೆಯೇ ವರ್ಷಗಳು ಕಳೆಯಬಹುದು. ಈ ಅನಾಮಿಕತೆಯ ಅಪಾಯವನ್ನು ಅರಿತೇ ಫೇತ್ ಕಮ್ಯುನಿಟಿ ಬ್ಯಾಪ್ಟಿಸ್ಟ್ ಚರ್ಚ್‌ನಂಥ ಸಭೆಗಳು 1980ರ ದಶಕದ ಕೊನೆಯಿಂದ ತಮ್ಮ ಇಡೀ ರಚನೆಯನ್ನು ಮನೆಮನೆಯ ಕಿರುಬಳಗಗಳ ಮೇಲೆ ಕಟ್ಟಿದವು. ವಾರಕ್ಕೊಮ್ಮೆ ಯಾರದಾದರೂ ಫ್ಲ್ಯಾಟಿನಲ್ಲಿ ಹತ್ತು ಹನ್ನೆರಡು ಮಂದಿ ಸೇರುವ ಈ ಕೂಟಗಳು, ಹತ್ತರಲ್ಲಿ ಸುಮಾರು ಎಂಟು ಮಂದಿ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ವಾಸಿಸುವ ನಗರಕ್ಕೆ ಚೆನ್ನಾಗಿ ಹೊಂದಿಕೊಂಡವು. ಮಹಾಮಾರಿಯ ಕಾಲದಲ್ಲಿ ಮನೆಗೆ ಬರಬಹುದಾದ ಅತಿಥಿಗಳ ಸಂಖ್ಯೆ ಐದಕ್ಕೆ ಇಳಿದಾಗ ಈ ಕೂಟಗಳೂ ಜೂಮ್‌ಗೆ ಹೋದವು. ಅನುಕೂಲವೆಂದು ಅಲ್ಲೇ ಉಳಿದುಬಿಡುವ ಸೆಳೆತ ಈಗಲೂ ಇದೆ. ಸಭಾಂಗಣದ ಆರಾಧನೆ ಪರದೆಗೆ ಹೋಗುವುದಕ್ಕಿಂತ ದೊಡ್ಡ ನಷ್ಟ ಇದು, ಏಕೆಂದರೆ ಗುರಿಕಾರನ ಕೆಲಸ ನಡೆಯುತ್ತಿದ್ದುದು ಈ ಹತ್ತು ಮಂದಿಯ ಕೋಣೆಯಲ್ಲಿ. ಎದುರು ಕುಳಿತವರ ಕಣ್ಣು ಕೆಂಪಾಗಿರುವುದು, ತಟ್ಟೆಯ ಅನ್ನ ಹಾಗೆಯೇ ಉಳಿದಿರುವುದು ಪರದೆಯಲ್ಲಿ ಕಾಣುವುದಿಲ್ಲ.

ಆದರೆ ಮುಖಾಮುಖಿ ಭೇಟಿಯನ್ನು ಹೊಗಳುವವರು ಇನ್ನೊಂದು ಪ್ರಶ್ನೆಯನ್ನೂ ಎದುರಿಸಬೇಕು: ಬರಲು ಯಾರಿಗೆ ಸಾಧ್ಯ? 2020ರ ಜನಗಣತಿಯ ಪ್ರಕಾರ ಸಿಂಗಪುರದ 15 ವರ್ಷ ಮೇಲ್ಪಟ್ಟ ನಿವಾಸಿಗಳಲ್ಲಿ ಶೇ. 18.9ರಷ್ಟು ಕ್ರೈಸ್ತರು. ಈ ಲೆಕ್ಕದಲ್ಲಿ ಸೇರಿರುವುದು ನಾಗರಿಕರು ಮತ್ತು ಕಾಯಂ ನಿವಾಸಿಗಳು ಮಾತ್ರ. ಮನೆಗೆಲಸಕ್ಕೆಂದು ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಮ್ಯಾನ್ಮಾರ್, ಭಾರತಗಳಿಂದ ಬಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರು ಇದರಲ್ಲಿಲ್ಲ. ಅವರಲ್ಲಿ ಅನೇಕರು ಕ್ರೈಸ್ತರು. ಅನೇಕರ ಪಾಲಿಗೆ ಭಾನುವಾರದ ಚರ್ಚ್ ಎಂದರೆ ಮಾಲೀಕರ ಮನೆಯ ಹೊರಗೆ ತಮ್ಮ ಹೆಸರಿನಿಂದ ಕರೆಸಿಕೊಳ್ಳುವ ಒಂದೇ ಜಾಗ. ಅವರಿಗೆ ವಾರಕ್ಕೊಂದು ರಜೆಯ ನಿಯಮ ಜಾರಿಗೆ ಬಂದದ್ದು 2013ರ ಜನವರಿ 1ರಿಂದ, ಅದೂ ರಜೆಯ ಬದಲು ಹಣ ಕೊಡಲು ಅವಕಾಶವಿಟ್ಟು. ತಿಂಗಳಿಗೆ ಒಂದು ರಜೆಯನ್ನಾದರೂ ಹಣಕ್ಕೆ ಪರಿವರ್ತಿಸದೆ ಕೊಡಲೇಬೇಕೆಂಬ ನಿಯಮ ಬಂದದ್ದು 2023ರ ಜನವರಿ 1ರಂದು. ಅಂದರೆ ಉಳಿದ ಭಾನುವಾರಗಳನ್ನು ಮಾಲೀಕರು ಇಂದಿಗೂ, ಕೆಲಸದಾಕೆಯ ಒಪ್ಪಿಗೆಯ ಮೇಲೆ, ಕೊಂಡುಕೊಳ್ಳಬಹುದು. ಸಾಲ ತೀರಿಸಬೇಕಾದ ಹೆಣ್ಣುಮಗಳ ಒಪ್ಪಿಗೆ ಎಷ್ಟು ಸ್ವತಂತ್ರವಾಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮಾಲೀಕರಲ್ಲಿ ಕೆಲವರು ಅದೇ ಭಾನುವಾರ ಯಾವುದೋ ಚರ್ಚಿನ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಅನ್ಯೋನ್ಯತೆ ಕ್ಷೀಣಿಸುತ್ತಿದೆ ಎಂದು ಮರುಗುವ ಸಭೆ, ತನ್ನ ಸದಸ್ಯರ ಅಡುಗೆಮನೆಗಳಲ್ಲಿ ಆ ಹೊತ್ತಿಗೆ ಯಾರು ಪಾತ್ರೆ ತೊಳೆಯುತ್ತಿದ್ದಾರೆ ಎಂದು ಕೇಳಿಕೊಳ್ಳುವುದು ಅಪರೂಪ. ಇಲ್ಲಿ ಅಡ್ಡಬಂದಿರುವುದು ಮೊಬೈಲ್ ಫೋನ್ ಅಲ್ಲ. ಮೊಬೈಲಿನಲ್ಲಿ ಹತ್ತು ನಿಮಿಷ ಪ್ರಾರ್ಥನೆ ಕೇಳುವ ಆಕೆಗೆ ಅದೊಂದೇ ಕಿಟಕಿ. ಆಕೆಗೆ ತೆರೆಯಬೇಕಾದದ್ದು ಬಾಗಿಲು.

ಜತೆಗೆ, ಒಂದೇ ಸೂರಿನಡಿ ಕುಳಿತ ಮಾತ್ರಕ್ಕೆ ಒಡನಾಟ ಹುಟ್ಟುವುದೂ ಇಲ್ಲ. ಸಿಂಗಪುರದ ಸೇಂಟ್ ಆಂಡ್ರೂಸ್ ಕ್ಯಾಥೆಡ್ರಲ್‌ನ ಇಂದಿನ ಕಟ್ಟಡ 1862ರಲ್ಲಿ ಪ್ರತಿಷ್ಠೆಗೊಂಡಿತು. ಅದರ ಗೋಡೆಗಳನ್ನು ಎಬ್ಬಿಸಿದವರು ಭಾರತದಿಂದ ಗಡೀಪಾರಾಗಿ ಬಂದಿದ್ದ ಕೈದಿಗಳು. ಮದ್ರಾಸ್ ಸುಣ್ಣದ ಗಾರೆ ಮೆತ್ತಿ ಆ ಬಿಳುಪನ್ನು ತಂದವರೂ ಅವರೇ. ಕಟ್ಟುವವರೆಗೆ ಅವರು ಬೇಕಿತ್ತು. ಕಟ್ಟಿದ ಮೇಲೆ ಆಸನಗಳು ಬೇರೆಯವರಿಗಾದವು. ಭಾರತದ ಚರ್ಚುಗಳ ಇತಿಹಾಸದಲ್ಲಿ ದಲಿತ ಕ್ರೈಸ್ತರಿಗೆ ಪ್ರತ್ಯೇಕ ಸಾಲುಗಳನ್ನೂ ಪ್ರತ್ಯೇಕ ಸ್ಮಶಾನಗಳನ್ನೂ ಗೊತ್ತುಮಾಡಿದ್ದ ಉದಾಹರಣೆಗಳಿವೆ. ಅಲ್ಲಿ ಪರದೆಯಿರಲಿಲ್ಲ, ಎಲ್ಲರೂ ಮುಖಾಮುಖಿಯಾಗಿಯೇ ಇದ್ದರು. ಆದ್ದರಿಂದ 'ಮೊದಲಿನಂತೆ ಸೇರೋಣ' ಎಂಬ ಹಂಬಲ ಸಾಲದು. ಮೊದಲು ಯಾರನ್ನು ಸೇರಿಸಿರಲಿಲ್ಲ ಎಂಬ ಲೆಕ್ಕವೂ ಬೇಕು.

ಆಗಬೇಕಾದ ಕೆಲಸಗಳು ದೊಡ್ಡವಲ್ಲ. ನೇರಪ್ರಸಾರ ಮುಂದುವರಿಯಲಿ, ಆದರೆ ಅದನ್ನು ಅವಲಂಬಿಸಿದವರ ಹೆಸರು ಸಭೆಗೆ ತಿಳಿದಿರಲಿ. ಅವರ ಮನೆಗೆ ತಿಂಗಳಿಗೊಮ್ಮೆಯಾದರೂ ಒಬ್ಬರು ಹೋಗಿ ಬರಲಿ. ಶರಣರು ಜಂಗಮಕ್ಕೆ ಹಿರಿಮೆ ಕೊಟ್ಟದ್ದರಲ್ಲಿ ಈ ಪಾಠವೂ ಇದೆ: ಬರಲಾಗದವರ ಬಳಿಗೆ ನಡೆದುಹೋಗಲು ಬಲ್ಲದ್ದೇ ಜೀವಂತವಾದದ್ದು. ಹದಿನೈದು ಇಪ್ಪತ್ತು ಮನೆಗಳಿಗೊಬ್ಬರಂತೆ ಗುರಿಕಾರರಿರಲಿ, ಅವರಲ್ಲಿ ಹೆಂಗಸರೂ ವಲಸಿಗರೂ ಇರಲಿ. ಕಿರುಬಳಗಗಳು ಜೂಮ್ ಬಿಟ್ಟು ಮತ್ತೆ ಮನೆಗಳಿಗೆ ಮರಳಲಿ. ಸಿಂಗಪುರದ ಅನೇಕ ಚರ್ಚುಗಳಲ್ಲಿ ಒಂದೇ ಕಟ್ಟಡದೊಳಗೆ ಬೇರೆ ಬೇರೆ ಹೊತ್ತಿನಲ್ಲಿ ಇಂಗ್ಲಿಷ್, ಮ್ಯಾಂಡರಿನ್, ತಮಿಳು, ತಗಾಲೊಗ್, ಬರ್ಮೀಸ್ ಆರಾಧನೆಗಳು ನಡೆಯುತ್ತವೆ. ಒಂದು ಗುಂಪು ಹೊರಡುವಾಗ ಇನ್ನೊಂದು ಒಳಗೆ ಬರುತ್ತದೆ. ತಿಂಗಳಿಗೊಮ್ಮೆ ಇವರೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೆ, ಬಡಿಸುವವರು ಪ್ರತಿಸಲವೂ ಅದೇ ಗುಂಪಿನವರಾಗದಿದ್ದರೆ, ಸಭೆ ಎಂಬ ಪದಕ್ಕೆ ಅರ್ಥ ಮರಳೀತು.

ಎಲ್ಲಕ್ಕಿಂತ ಮೊದಲು, ಮನೆಗೆಲಸದವರನ್ನು ನೇಮಿಸಿಕೊಂಡಿರುವ ಸದಸ್ಯರು ಅವರ ಪ್ರತಿ ವಾರದ ರಜೆಯನ್ನೂ ಹಣಕ್ಕೆ ಕೊಳ್ಳದೆ ಬಿಟ್ಟುಕೊಡಬೇಕೆಂದು ಸಭೆಗಳು ವೇದಿಕೆಯಿಂದಲೇ ಹೇಳಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ತಂತ್ರಜ್ಞಾನವೂ ಬೇಕಿಲ್ಲ. ಭಾನುವಾರದ ಪಾತ್ರೆಗಳನ್ನು ತಾವೇ ತೊಳೆದುಕೊಳ್ಳಲು ಸಿದ್ಧರಿರುವ ಕೆಲವು ಕುಟುಂಬಗಳು ಬೇಕು.