ಮನೆ ಯಾರಿಗೆ ಹತ್ತಿರವಿರಬೇಕು?

ಬೆಂಗಳೂರಿಗೆ ಸಂಸಾರ ಸಮೇತ ಬರಲು ಹೊರಟವರು ನಮ್ಮಂಥ ಹಳಬರಿಗೆ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಆಫೀಸಿಗೆ ಹತ್ತಿರ ಯಾವ ಏರಿಯಾ ಒಳ್ಳೇದು?’ 2025ರ ಏಪ್ರಿಲಿನಲ್ಲಿ ಶಿವಮೊಗ್ಗದಿಂದ ನನ್ನ ತಂಗಿಯ ಮಗಳು ಕೇಳಿದ್ದೂ ಇದನ್ನೇ. ಅವಳ ಕೆಲಸ ಮಾರತ್ತಹಳ್ಳಿ ಕಡೆ, ಗಂಡನದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಜೊತೆಗೆ ಎರಡನೇ ತರಗತಿಗೆ ಸೇರಬೇಕಾದ ಮಗ, ಮಂಡಿನೋವಿನ ಅತ್ತೆ. ‘ಇಬ್ಬರ ಆಫೀಸಿಗೂ ನಡುವೆ ಬರೋ ಹಾಗೆ ಒಂದು ಜಾಗ ಹೇಳಿ ದೊಡ್ಡಮ್ಮ’ ಎಂದಳು.

ಮೂವತ್ತು ವರ್ಷದಿಂದ ದೊಮ್ಮಲೂರಿನಲ್ಲಿ ಇದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿರುವ ಅಭಿಪ್ರಾಯವೆಂದರೆ, ಆ ಪ್ರಶ್ನೆಯನ್ನು ತಪ್ಪು ತುದಿಯಿಂದ ಶುರು ಮಾಡುತ್ತಾರೆ ಎಂಬುದು. ದುಡಿಯುವವರು ಬಸ್ಸು ಹತ್ತುತ್ತಾರೆ, ಗಾಡಿ ಓಡಿಸುತ್ತಾರೆ, ಕ್ಯಾಬ್ ಹಿಡಿಯುತ್ತಾರೆ. ಮನೆಯಲ್ಲಿ ಉಳಿಯುವ ಮುದುಕಿಗೂ ಮಗುವಿಗೂ ಇರುವುದು ಅವರ ಕಾಲು ಮಾತ್ರ. ಮನೆ ಮೊದಲು ಹತ್ತಿರವಿರಬೇಕಾದ್ದು ಆ ಕಾಲುಗಳಿಗೆ. ಇದನ್ನು ಭಾವುಕತೆಯಿಂದ ಹೇಳುತ್ತಿಲ್ಲ. ಈ ಊರು ಬೆಳೆದ ರೀತಿಯನ್ನು ನೋಡಿದರೆ ಲೆಕ್ಕವೂ ಹಾಗೆಯೇ ಕೂಡಿಬರುತ್ತದೆ.

ಆಫೀಸಿನ ಹತ್ತಿರ ಮನೆ ಮಾಡುವುದು ಒಂದು ಕಾಲಕ್ಕೆ ಸರಿಯಾದ ಬುದ್ಧಿಯೇ ಆಗಿತ್ತು. ಬೆಂಗಳೂರಿನ ಪೂರ್ವ ಭಾಗ ಬೆಳೆದದ್ದೇ ಹಾಗೆ. 1809ರಲ್ಲಿ ಹಲಸೂರಿನ ಬಳಿ ದಂಡು ಬಂತು, ದಂಡಿಗೆ ಬೇಕಾದ ಜನ ಅದರ ಸುತ್ತ ನೆಲೆ ಕಂಡರು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ ಬಂದವು. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ ಕಾರ್ಖಾನೆ, ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎಲ್ಲ ಒಟ್ಟಿಗೇ ಇದ್ದವು. ಇಪ್ಪತ್ತೆರಡಕ್ಕೆ ಕೆಲಸಕ್ಕೆ ಸೇರಿದವನು ಅಲ್ಲೇ ನಿವೃತ್ತನಾಗುತ್ತಿದ್ದ. ಹಾಗಿದ್ದಾಗ ಕಾರ್ಖಾನೆಯ ಸೈರನ್ ಕೇಳುವಷ್ಟು ಹತ್ತಿರ ಮನೆ ಕಟ್ಟಿಸಿದರೆ ತಪ್ಪೇನು?

ಆಮೇಲೆ ಕೆಲಸವೇ ಓಡಾಡತೊಡಗಿತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿತು. ಅದನ್ನೇ ನಂಬಿ ಸುತ್ತಮುತ್ತ ಸೈಟು ತೆಗೆದುಕೊಂಡವರು ಬೇರೆ ದಿಕ್ಕಿಗೆ ಕೆಲಸ ಹುಡುಕಿಕೊಂಡು ಹೋದರು. 2008ರ ಮೇ ತಿಂಗಳಲ್ಲಿ, ನಮಗೆ ಹತ್ತಿರವಿದ್ದ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು. ನಮ್ಮ ರಸ್ತೆಯಲ್ಲಿ ಟ್ರಾವೆಲ್ಸ್ ಇಟ್ಟವರು, ಟ್ಯಾಕ್ಸಿ ಓಡಿಸುತ್ತಿದ್ದವರು, ವಿಮಾನ ಕಂಪನಿಗಳಲ್ಲಿ ಇದ್ದವರು ಎಷ್ಟೋ ಮಂದಿ ‘ಕೆಲಸಕ್ಕೆ ಹತ್ತಿರ’ ಎಂದೇ ಇಲ್ಲಿ ಮನೆ ಮಾಡಿದ್ದರು. ಒಂದೇ ರಾತ್ರಿಯಲ್ಲಿ ಅವರ ಕೆಲಸ ಮೂವತ್ತು ಕಿಲೋಮೀಟರು ಆಚೆ ಹೋಗಿ ಕೂತಿತು. ರಸ್ತೆಗೆ ಉಳಿದದ್ದು ‘ಹಳೇ ಏರ್‌ಪೋರ್ಟ್ ರೋಡ್’ ಎಂಬ ಹೆಸರು. ಐಟಿ ಕಂಪನಿಗಳಂತೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಹೊರವರ್ತುಲ ರಸ್ತೆ, ಈಗ ಹೆಬ್ಬಾಳದ ಆಚೆ ಎಂದು ಜಾಗ ಬದಲಿಸುತ್ತಲೇ ಇವೆ. ಕಂಪನಿ ಇದ್ದಲ್ಲೇ ಇದ್ದರೂ ಅದರೊಳಗಿನ ಹುಡುಗರು ಎರಡು ಮೂರು ವರ್ಷಕ್ಕೆ ಬೇರೆ ಕಂಪನಿಗೆ ಹೋಗುತ್ತಾರೆ. ಅತ್ತೆಯ ಮಂಡಿನೋವು ಹಾಗೆ ಕಂಪನಿ ಬದಲಿಸುವುದಿಲ್ಲ, ಮಗುವಿನ ಶಾಲೆಯನ್ನು ಎರಡೆರಡು ವರ್ಷಕ್ಕೆ ಬದಲಿಸಲೂ ಬಾರದು.

ದೂರದ ಬಗ್ಗೆ ತಲೆಕೆಡಿಸಿಕೊಂಡು ಓದಿದವರಿದ್ದಾರೆ. ಜಗತ್ತಿನ ಬೇರೆ ಬೇರೆ ನಗರಗಳ ಲೆಕ್ಕ ಹಿಡಿದು ಯಾಕೊವ್ ಜಹಾವಿ ಎಂಬ ಸಾರಿಗೆ ತಜ್ಞರು ಒಂದು ವಿಷಯ ಗಮನಿಸಿದರು: ಜನ ದಿನಕ್ಕೆ ಸರಾಸರಿ ಒಂದು ಗಂಟೆಯ ಆಸುಪಾಸು ಓಡಾಟಕ್ಕೆ ಕೊಡುತ್ತಾರೆ, ರಸ್ತೆ ವೇಗವಾದರೆ ಆ ಸಮಯ ಉಳಿಸುವುದಿಲ್ಲ, ಇನ್ನೂ ದೂರಕ್ಕೆ ಹೋಗಿ ಮನೆ ಮಾಡುತ್ತಾರೆ. ಇಟಲಿಯ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಇದೇ ಮಾತನ್ನು ಮುಂದುವರಿಸಿದರು. ಬೆಂಗಳೂರಿನಲ್ಲಿ ಆ ಒಂದು ಗಂಟೆಯ ಗಡಿ ಯಾವಾಗಲೋ ದಾಟಿಹೋಗಿದೆ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರು ಸಾಗಲು ಸರಾಸರಿ 34 ನಿಮಿಷ ಬೇಕಿತ್ತು. ದಿನಕ್ಕೆ ಹೋಗಿ ಬರಲು ಮೂರು ಗಂಟೆ, ವರ್ಷಕ್ಕೆ 240 ಕೆಲಸದ ದಿನ ಎಂದು ಹಿಡಿದರೆ 720 ಗಂಟೆ. ಅಂದರೆ ಇಡೀ ಮೂವತ್ತು ಹಗಲು, ಮೂವತ್ತು ರಾತ್ರಿ.

ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆಲೊಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಬರೆದದ್ದು. ದೂರ ಹೋಗುವವನಿಗೆ ಒಳ್ಳೆಯ ಸಂಬಳವೋ ಅಗ್ಗದ ದೊಡ್ಡ ಮನೆಯೋ ಸಿಗುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬುದು ಅರ್ಥಶಾಸ್ತ್ರದ ನಂಬಿಕೆ. ಜರ್ಮನಿಯ ಕುಟುಂಬಗಳ ಮಾಹಿತಿ ನೋಡಿದಾಗ ಲೆಕ್ಕ ಸರಿಹೋಗಿರಲಿಲ್ಲ. ಹೆಚ್ಚು ಹೊತ್ತು ದಾರಿಯಲ್ಲಿ ಕಳೆಯುವವರು ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ದರು. ನನಗೆ ಇದರ ಕಾರಣ ಮನೆ ನೋಡಲು ಹೋಗುವ ಭಾನುವಾರದಲ್ಲೇ ಕಾಣುತ್ತದೆ. ಹೆಚ್ಚಿನದೊಂದು ರೂಮು, ದೊಡ್ಡ ಬಾಲ್ಕನಿ ಆ ದಿನ ಕಣ್ಣೆದುರಿಗಿರುತ್ತವೆ. ಸೋಮವಾರದ ಸಿಗ್ನಲ್ಲು ಆ ದಿನ ಕಾಣುವುದಿಲ್ಲ.

ಹಾಗಾದರೆ ನನ್ನ ವಾದಕ್ಕೇ ಇದು ಅಡ್ಡ ಬರುತ್ತದಲ್ಲ, ದೂರ ಅಷ್ಟು ಕೆಟ್ಟದ್ದಾದರೆ ಆಫೀಸಿನ ಪಕ್ಕದಲ್ಲೇ ಇರಬೇಕಲ್ಲ ಎಂದು ಕೇಳಬಹುದು. ಯಾರ ಆಫೀಸಿನ ಪಕ್ಕ ಎಂದು ನಾನು ಕೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಒಬ್ಬರಿಗೆ ಹತ್ತಿರವಾದದ್ದು ಇನ್ನೊಬ್ಬರಿಗೆ ದೂರ. ನಾನು ಕಂಡಂತೆ ದೂರವನ್ನು ಹೆಚ್ಚಾಗಿ ಹೆಂಡತಿಯ ಪಾಲಿಗೆ ಹಾಕುತ್ತಾರೆ. ಅವಳು ಸಂಜೆ ಎಂಟಕ್ಕೆ ಬಂದು ಒಲೆ ಹಚ್ಚುತ್ತಾಳೆ. ಒಂದೆರಡು ವರ್ಷ ನೋಡಿ ಕೆಲಸ ಬಿಡುತ್ತಾಳೆ. ‘ಮನೆ ನೋಡ್ಕೊಳ್ಳೋಕೆ ಬಿಟ್ಟಳು’ ಎಂದು ಬಂಧುಗಳು ಹೇಳುತ್ತಾರೆ. ಮನೆ ಹಿಡಿದ ದಿನವೇ ಅದು ತೀರ್ಮಾನವಾಗಿತ್ತು ಎಂದು ಯಾರೂ ಹೇಳುವುದಿಲ್ಲ.

ತಂಗಿಯ ಮಗಳು, ಅಳಿಯ, ಅವನ ತಾಯಿ ಬಂದಾಗ ಮೂರು ಮನೆ ನೋಡಿದೆವು. ಮೊದಲನೆಯದು ಹೊರವರ್ತುಲ ರಸ್ತೆಯ ಹತ್ತಿರದ ಅಪಾರ್ಟ್‌ಮೆಂಟು, ಹನ್ನೆರಡನೇ ಮಹಡಿ. ಗಾಳಿ ಬೆಳಕು ಚೆನ್ನಾಗಿತ್ತು. ಗೇಟಿನ ಬಳಿ ಮೂರು ಟ್ಯಾಂಕರು ಸಾಲಾಗಿ ನಿಂತಿದ್ದವು. ಗೇಟಿನಿಂದ ಹೊರಗೆ ಕಾಲಿಟ್ಟರೆ ಸರ್ವೀಸ್ ರೋಡು, ಆಚೆ ಹೈವೇಯಂಥ ರಸ್ತೆ. ಒಂದು ಕಟ್ಟು ಕೊತ್ತಂಬರಿಗೂ ಮೊಬೈಲು ಒತ್ತಬೇಕು. ಅತ್ತೆ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡಿದರು, ಏನೂ ಹೇಳಲಿಲ್ಲ. ಎರಡನೆಯದರ ಬಗ್ಗೆ ಹೇಳುವಂಥದ್ದಿಲ್ಲ. ಮೂರನೆಯದು ದೊಮ್ಮಲೂರಿನ ಹಳೇ ಊರಿನ ಗಲ್ಲಿಯಲ್ಲಿ, ಚೊಕ್ಕನಾಥಸ್ವಾಮಿ ದೇವಸ್ಥಾನಕ್ಕೆ ಐದು ನಿಮಿಷದ ನಡಿಗೆ.

ಆ ಮನೆಯ ಓನರಮ್ಮನಿಗೆ ಅರವತ್ತೈದು ದಾಟಿತ್ತು. ನಾವು ರೂಮು ನೋಡುವ ಮೊದಲೇ ನನ್ನ ಮಾತಿನ ಮೇರೆಗೆ ಸಂಪಿನ ಮುಚ್ಚಳ ತೆಗೆಸಿದೆವು. ಕಬ್ಬಿಣದ ಕೊಕ್ಕೆ ಹಾಕಿ ಅವರೇ ಎತ್ತಿದರು. ಒಳಗೆ ಮೊಬೈಲಿನ ಬೆಳಕು ಬಿಟ್ಟರೆ ಮೊಣಕಾಲುದ್ದದ ನೀರು, ತಳದ ಸಿಮೆಂಟು ನಿಚ್ಚಳವಾಗಿ ಕಾಣುತ್ತಿತ್ತು. ‘ದಿನ ಬಿಟ್ಟು ದಿನ ಕಾವೇರಿ ಬರುತ್ತಮ್ಮ. ಬೋರೂ ಇದೆ, ಅದನ್ನ ಅಡಿಗೆಗೆ ಹಾಕಬೇಡಿ, ಪಾತ್ರೆ ಬೆಳ್ಳಗಾಗುತ್ತೆ’ ಎಂದರು. ಬಾಡಿಗೆಗಿಂತ ಮೊದಲು ನೀರಿನ ದೋಷ ಹೇಳಿದವರ ಮೇಲೆ ನನಗೆ ನಂಬಿಕೆ ಬಂತು. ಖಾಲಿ ಇದ್ದದ್ದು ಮೊದಲ ಮಹಡಿ, ಮೆಟ್ಟಿಲು ಕಡಿದು. ಕೆಳಗಿನವರು ಮುಂದಿನ ತಿಂಗಳು ಬಿಡುತ್ತಾರೆಂದು ತಿಳಿದು, ಒಂದು ತಿಂಗಳು ಕಾಯಲು ಹೇಳಿದೆ. ಆ ಒಂದು ತಿಂಗಳು ಎಲ್ಲರೂ ನಮ್ಮ ಮನೆಯಲ್ಲೇ ಇದ್ದರು.

ನೀರಿನ ಮಾತಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್ಲುಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. 2007ರಲ್ಲಿ ಪಾಲಿಕೆಗೆ 110 ಹಳ್ಳಿಗಳನ್ನು ಸೇರಿಸಿದರೂ ಅವುಗಳಿಗೆಂದು ಹಾಕಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಅಲ್ಲಿನ ಜನ ನಗರದ ತೆರಿಗೆ ಕಟ್ಟಿ ಟ್ಯಾಂಕರಿನ ದಾರಿ ಕಾದರು. ನೀರು ಬರುವ ದಾರಿಯಷ್ಟೇ ಹೋಗುವ ದಾರಿಯನ್ನೂ ಕೇಳಬೇಕು. ಕೋರಮಂಗಲದ ಎಸ್.ಟಿ. ಬೆಡ್ ಬಡಾವಣೆಯ ಹೆಸರನ್ನು ಬಿಡಿಸಿದರೆ ಶ್ರೀನಿವಾಗಿಲು ಕೆರೆಯ ಅಂಗಳ. ಮಳೆ ಬಂದಾಗ ನೀರು ತನ್ನ ಹಳೇ ಜಾಗಕ್ಕೆ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಯಮಲೂರಿನಲ್ಲಿ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಕರೆತಂದರು. ಹಳಬರು ಊರು ಕಟ್ಟುವಾಗ ಕೆರೆಯ ಕೆಳಗೆ ಗದ್ದೆ ಇಟ್ಟು, ಮನೆಗಳನ್ನು ದಿಣ್ಣೆಯ ಮೇಲೆ ಇಡುತ್ತಿದ್ದರು. ನಮ್ಮ ದೇವಸ್ಥಾನ ಎತ್ತರದ ಜಾಗದಲ್ಲಿದೆ. ಅಲ್ಲಿನ ಹದಿಮೂರನೇ ಶತಮಾನದ ತಮಿಳು ಶಾಸನಗಳಲ್ಲಿ ಈ ಊರಿನ ಹೆಸರು ತೊಂಬಲೂರು. ಅಷ್ಟು ಹಿಂದಿನಿಂದ ಜನ ಬಿಡದೆ ಇದ್ದಾರೆಂದರೆ ಜಾಗ ಆರಿಸಿದವರಿಗೆ ನೆಲದ ಓರೆ ಗೊತ್ತಿತ್ತು. ಇಲ್ಲಿಗೆ ಹತ್ತಿರದ ಚಲ್ಲಘಟ್ಟದ ಕೆರೆಯಂಗಳದಲ್ಲಿ ಈಗ ಗಾಲ್ಫ್ ಮೈದಾನವಿದೆ.

ದೊಮ್ಮಲೂರನ್ನು ಹೊಗಳಲು ಕೂತಿಲ್ಲ. ಹಳೇ ಊರಿನ ಗಲ್ಲಿಗಳಲ್ಲಿ ಬಿಸಿಲು ಕಡಿಮೆ, ಆಂಬುಲೆನ್ಸು ಒಳಗೆ ಬರುವುದು ಕಷ್ಟ. ಫ್ಲೈಓವರು ಕಾರುಗಳಿಗೆ ಅನುಕೂಲ ಮಾಡಿತು, ಅದರ ಕೆಳಗೆ ರಸ್ತೆ ದಾಟಬೇಕಾದ ಮುದುಕರಿಗೆ ಏನೂ ಮಾಡಲಿಲ್ಲ. ಮೆಟ್ರೊ ಬೇಕೆಂದರೆ ಇಂದಿರಾನಗರದ ತನಕ ಹೋಗಬೇಕು. ಆದರೂ ಇಲ್ಲಿ ಒಂದು ಗುಣ ಉಳಿದಿದೆ: ಹಳೇ ಊರು, ಬಿಡಿಎ ಬಡಾವಣೆ, ದೊಡ್ಡ ಅಪಾರ್ಟ್‌ಮೆಂಟು, ಆಫೀಸು ಎಲ್ಲವೂ ಒಂದಕ್ಕೊಂದು ನಡೆಯುವಷ್ಟು ಹತ್ತಿರ. ಎರಡನೇ ಹಂತದ ಬಂಗಲೆಯಲ್ಲಿ ಕೆಲಸ ಮಾಡುವಾಕೆ ಹಳೇ ಊರಿನ ಒಂದೂವರೆ ರೂಮಿನಿಂದ ನಡೆದು ಬರುತ್ತಾಳೆ, ಮಧ್ಯಾಹ್ನ ಮನೆಗೆ ಹೋಗಿ ಮಗುವಿಗೆ ಉಣಿಸಿ ಮತ್ತೆ ಬರುತ್ತಾಳೆ.

ಅವಳ ವಿಷಯಕ್ಕೆ ಬಂದಾಗ ‘ಆಯ್ಕೆ’ ಎಂಬ ಪದವನ್ನೇ ನಿಧಾನವಾಗಿ ಬಳಸಬೇಕಾಗುತ್ತದೆ. ತಿಂಗಳಿಗೆ 25,000 ಬಾಡಿಗೆ ಎಂದರೆ ಇಲ್ಲಿನ ರೂಢಿಯ ಹತ್ತು ತಿಂಗಳ ಅಡ್ವಾನ್ಸು ಎರಡೂವರೆ ಲಕ್ಷ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳು ಸಾಕು ಎನ್ನುತ್ತದೆ. ಟು-ಲೆಟ್ ಬೋರ್ಡಿನ ಕೆಳಗೆ ನಿಂತು ಆ ಮಾತು ಎತ್ತಿ ನೋಡಿ. ಕೈಯಲ್ಲಿ ಅಷ್ಟು ಇಲ್ಲದವನಿಗೆ ಊರೇ ದೂರವಾಗುತ್ತದೆ. ಹಣ ಇದ್ದರೂ ಜಾತಿ ಕೇಳುವವರು, ಮುಸ್ಲಿಮರೆಂದು ತಿಳಿದೊಡನೆ ‘ಮನೆ ಆಗೋಯ್ತು’ ಎನ್ನುವವರು, ಒಂಟಿ ಹೆಣ್ಣಿಗೆ ಕೊಡುವುದಿಲ್ಲ ಎನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಇದು ನನಗೆ ನಾಚಿಕೆ ತರುವ ವಿಷಯ. ಹತ್ತು ಹನ್ನೆರಡು ಬಾಗಿಲು ಹೀಗೆ ಮುಚ್ಚಿದ ಮೇಲೆ ಸಿಕ್ಕ ಮನೆಯನ್ನು ಅವರು ‘ಆರಿಸಿಕೊಂಡದ್ದು’ ಎನ್ನಲಾಗದು.

2013ರ ಜನವರಿಯಲ್ಲಿ, ನಮಗೆ ಕೆಲವೇ ಕಿಲೋಮೀಟರು ದೂರದ ಈಜಿಪುರದಲ್ಲಿ, ಆರ್ಥಿಕವಾಗಿ ಹಿಂದುಳಿದವರ ವಸತಿ ಸಮುಚ್ಚಯದ ಜಾಗದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಎಷ್ಟೋ ಜನ ಊರಾಚೆ ಹೋಗದೆ ಅಲ್ಲೇ ಫುಟ್‌ಪಾತಿನಲ್ಲಿ ತಿಂಗಳುಗಟ್ಟಲೆ ಉಳಿದರು. ಮೇಲಿನಿಂದ ನೋಡಿದವರಿಗೆ ಅದು ಹಟದಂತೆ ಕಂಡಿರಬಹುದು. ಅವರ ಹೆಂಗಸರು ಕೆಲಸ ಮಾಡುತ್ತಿದ್ದ ಮನೆಗಳು ಕೋರಮಂಗಲದಲ್ಲಿದ್ದವು, ಮಕ್ಕಳ ಶಾಲೆ ಅಲ್ಲಿತ್ತು. ಬೆಳಿಗ್ಗೆ ಆರಕ್ಕೆ ಪಾತ್ರೆ ತೊಳೆಯಲು ಬರಬೇಕಾದವಳು ಹದಿನೈದು ಕಿಲೋಮೀಟರು ಆಚೆಯಿಂದ ಬರುವುದು ಹೇಗೆ? 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಗಿದೆ. ಎಷ್ಟೋ ಮನೆಗಳಿಗೆ ಅದು ದೊಡ್ಡ ಆಸರೆ. ಟಿಕೆಟಿನ ದುಡ್ಡು ಉಳಿಯಿತು, ದಾರಿಯ ಹೊತ್ತು ಉಳಿಯಲಿಲ್ಲ. ಅದಕ್ಕೇ, ಬಡವರ ಮನೆಗಳನ್ನು ಅಗ್ಗದ ನೆಲ ಸಿಗುವಲ್ಲಿ ಕಟ್ಟುವ ಯೋಜನೆಗಳನ್ನು ನಾನು ಒಪ್ಪುವುದಿಲ್ಲ. ದೊಮ್ಮಲೂರು, ಕೋಡಿಹಳ್ಳಿ, ಹಲಸೂರಿನಂಥ ಹಳೇ ಊರುಗಳ ಗಲ್ಲಿಗಳನ್ನು ಕೊಳಕು ಎಂದು ಅಗಲಿಸಿ ತೆರವು ಮಾಡಹೊರಟರೆ, ಈ ನಗರದಲ್ಲಿ ಕೆಲಸದ ಪಕ್ಕ ಬಡವರಿಗೆ ಉಳಿದಿರುವ ಕೊನೆಯ ಜಾಗವೂ ಹೋಗುತ್ತದೆ.

ನನ್ನ ಸಲಹೆಗೂ ಒಂದು ಬೆಲೆಯಿದೆ, ಅದನ್ನು ಮುಚ್ಚಿಡಬಾರದು. ಮಗಳಿಗೆ ಮಾರತ್ತಹಳ್ಳಿಗೆ ಇಲ್ಲಿಂದ ನೇರ ರಸ್ತೆ, ಬೆಳಗಿನ ಹೊತ್ತಿನಲ್ಲಿ ಮುಕ್ಕಾಲು ಗಂಟೆ. ಬೆಲೆ ತೆತ್ತವನು ಅಳಿಯ. ಮೊದಲ ಎರಡು ತಿಂಗಳು ಎಲೆಕ್ಟ್ರಾನಿಕ್ ಸಿಟಿಗೆ ಒಂದೂವರೆ ಗಂಟೆ ಹೋಗಿ ಒಂದೂವರೆ ಗಂಟೆ ಬರುತ್ತಿದ್ದ. ಒಮ್ಮೆ ನನ್ನ ಮೇಲೆ ಸಿಟ್ಟನ್ನೂ ತೋರಿಸಿದ. ಆಗಸ್ಟಿನಲ್ಲಿ ಆ ಕಡೆಗೆ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ರೇಷ್ಮೆ ಮಂಡಳಿಯವರೆಗೆ ಬಸ್ಸು, ಅಲ್ಲಿಂದ ರೈಲು. ಆರಂಭದಲ್ಲಿ 25 ನಿಮಿಷಕ್ಕೊಂದು ರೈಲು, ತಪ್ಪಿದರೆ ಕಾಯಬೇಕಿತ್ತು. ಈಗಲೂ ಬೆಳಿಗ್ಗೆ ಏಳೂಕಾಲಿಗೆ ಮನೆ ಬಿಡುತ್ತಾನೆ.

ಮೊನ್ನೆ ಅವನು ರಾತ್ರಿ ಎಂಟಕ್ಕೆ ಬಂದಾಗ ಮೇಜಿನ ಮೇಲೆ ಹೊಸ ಕನ್ನಡಕದ ಡಬ್ಬಿ ಇತ್ತಂತೆ. ‘ಯಾರು ಕರ್ಕೊಂಡು ಹೋದ್ರು ಅಮ್ಮ?’ ಎಂದು ಕೇಳಿದ. ಬೆಳಿಗ್ಗೆ ಸೊಪ್ಪು ತರಲು ಹೋದವರು ಹಾಗೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಅಂಗಡಿಯಲ್ಲಿ ಕನ್ನಡಕಕ್ಕೆ ಕೊಟ್ಟು, ಸಂಜೆ ಮೊಮ್ಮಗನನ್ನು ಶಾಲೆಯಿಂದ ಕರೆತರುವಾಗ ಇಸಿದುಕೊಂಡು ಬಂದಿದ್ದರು.