ಇಂಟರ್‌ವ್ಯೂ ಅಂದ್ರ ಕನ್ಯಾ ತೋರಿಸೋದಲ್ರೀ

ಹೋದ ವಾರ ನಮ್ಮ ಮೈದುನನ ಮಗಳಿಗೆ ಹುಬ್ಬಳ್ಳಿಯೊಳಗ ನೌಕರಿ ಇಂಟರ್‌ವ್ಯೂ ಇತ್ತು. ಮುಂಜಾನೆ ನಾವು ನಾಲ್ಕು ಮಂದಿ ಹೆಣ್ಣುಮಕ್ಕಳು ಆಕಿ ಸುತ್ತ ನಿಂತ್ವಿ. ಒಬ್ಬಾಕಿ ಸೀರಿ ನೆರಿಗಿ ಹಿಡಿದ್ಲು, ಒಬ್ಬಾಕಿ ಮಲ್ಲಿಗಿ ಮುಡಿಸಿದ್ಲು, ಒಬ್ಬಾಕಿ ಅಂಗೈಯಾಗ ಮೊಸರು-ಸಕ್ಕರಿ ಹಾಕಿದ್ಲು. ನಾ ಏನ್ ಮಾಡ್ದೆ? ‘ತಲಿ ತಗ್ಗಿಸಿ ಕೂಡು, ಭಾಳ ಮಾತಾಡಬ್ಯಾಡ’ ಅಂತ ಬುದ್ಧಿ ಹೇಳ್ದೆ.

ಸಂಜಿಗೆ ಬಂದು ಅಂದ್ಲು, ‘ದೊಡ್ಡವ್ವಾ, ನಿಮ್ಮ ಬಗ್ಗೆ ಹೇಳ್ರಿ ಅಂದ್ರು. ನಾ ನೆಲಾ ನೋಡ್ಕೋತ ಕುಂತೆ.’ ನೌಕರಿ ಬ್ಯಾರೆಯವರಿಗೆ ಹೋತು.

ತಪ್ಪು ನಂದು. ಪಿಯುಸಿ ಮುಗಿಸಿ ನಾನೂ ಒಮ್ಮೆ ಹಂಗ ಕುಂತಿದ್ದೆ, ಗಂಡಿನ ಕಡೆಯವರ ಮುಂದ. ನನಗ ಗೊತ್ತಿದ್ದ ಇಂಟರ್‌ವ್ಯೂ ಅದೊಂದೇ.

ಅದಕ್ಕ ಹೇಳ್ತೀನಿ, ಇಸ್ತ್ರಿ ಮಾಡಿದ ಅರಿವಿ ಸಾಕು. ಹಿಂದಿನ ದಿನ ಆಕಿನ್ನ ಕುರ್ಚಿಮ್ಯಾಲೆ ಕುಂಡ್ರಿಸಿ ನೀವೇ ಪ್ರಶ್ನೆ ಕೇಳ್ರಿ. ಕಲಿತದ್ದು, ಮಾಡಿದ್ದು ಎರಡು ನಿಮಿಷ ಮುಖಾ ನೋಡಿ ಹೇಳಲಿ. ಆ ಕಂಪನಿ ಏನು ಮಾಡ್ತೈತಿ ಅಂತ ಓದ್ಕೊಂಡಿರಲಿ. ಪಗಾರ ಎಷ್ಟು ಅಂತ ಕೇಳೂದು ಸೊಕ್ಕಲ್ಲ. ‘ಮದವಿ ಯಾವಾಗ, ಮಕ್ಕಳು ಯಾವಾಗ’ ಅಂದ್ರ ನಾಚಿ ಸುಮ್ನಾಗಬಾರದು, ‘ಕೆಲಸದ ಬಗ್ಗೆ ಕೇಳ್ರಿ ಸರ್’ ಅನ್ನಲಿ. ಮೊದಲ ಎರಡು ಮಕ್ಕಳ ಬಾಣಂತನಕ್ಕ 26 ವಾರ ಪಗಾರ ಸಮೇತ ರಜಾ 2017ರಿಂದ ಕಾನೂನಿನಾಗ ಐತಿ, ಯಾರ ಉಪಕಾರನೂ ಅಲ್ಲ.

ಮುಂದಿನ ತಿಂಗಳು ಆಕಿಗೆ ಮತ್ತೊಂದು ಐತಿ. ದಿನಾ ಸಂಜಿ ನಮ್ಮ ಪಡಸಾಲಿಯಾಗ ತಯಾರಿ ನಡದೈತಿ. ನೀವೂ ಬರ್ರಿ, ಪ್ರಶ್ನೆ ಕೇಳಾಕ ಮಂದಿ ಬೇಕು.