ಗುರ್ಶಾ ಎಂಬ ಕೈತುತ್ತು

ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯಲ್ಲಿ ದಿಣ್ಣೆಯಂತೆ ಎತ್ತರವಾಗಿರುವ ಒಂದು ಭಾಗಕ್ಕೆ ‘ಶುಗರ್ ಹಿಲ್’ ಎಂದು ಹೆಸರು, ಸಕ್ಕರೆಗುಡ್ಡವೆಂದರೂ ಸಲ್ಲುವುದು. ಬಿಳಿಯರ ಕೇರಿಗಳಲ್ಲಿ ಮನೆ ಸಿಕ್ಕದಿದ್ದ ಕಾಲದಲ್ಲಿ ಕಪ್ಪು ಜನರೊಳಗೆ ವಿದ್ಯೆಯಿಂದಲೋ ವೃತ್ತಿಯಿಂದಲೋ ಕೊಂಚ ಏಳಿಗೆ ಕಂಡವರು ನೆಲೆಸಿದ ಸ್ಥಳವದು: ಚಿಂತಕ ಡು ಬಾಯ್ಸ್, ಮುಂದೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಪೀಠವೇರಿದ ಥರ್ಗುಡ್ ಮಾರ್ಷಲ್, ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಇವರೆಲ್ಲ ಆ ದಿಣ್ಣೆಯ ನಿವಾಸಿಗಳಾಗಿದ್ದವರು. ಅಲ್ಲಿನ ಸೇಂಟ್ ನಿಕೋಲಸ್ ಅವೆನ್ಯೂವಿನಲ್ಲಿ ಒಂದು ಕಾಲಕ್ಕೆ ಕೋಳಿ ಕರಿದು ಬಡಿಸುವ ‘ಜಿಮ್ಮೀಸ್ ಚಿಕನ್ ಶ್ಯಾಕ್’ ಎಂಬ ಹೋಟೆಲಿದ್ದಿತು. ಆರ್ಟ್ ಟೇಟಮ್ಮನ ಪಿಯಾನೋ ಕೇಳುವ ಆಸೆಗೆ ಬಿದ್ದು ಚಾರ್ಲಿ ಪಾರ್ಕರ್ ಎಂಬ ತರುಣ ಸ್ಯಾಕ್ಸೊಫೋನ್ ವಾದಕ ಅಲ್ಲಿ ತಟ್ಟೆ ತೊಳೆದನು. ಇನ್ನೂ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಆಗಿರದ ಮಾಲ್ಕಮ್ ಲಿಟಲ್ ಸಹ 1940ರ ದಶಕದಲ್ಲಿ ಅಲ್ಲಿಯೇ ಕೂಲಿಗಿದ್ದನು. ಆ ಜಾಗದಲ್ಲಿ 2014ರಲ್ಲಿ ಬೀಜಿ ಬರ್ಹಾನಿ ಎಂಬ ಇಥಿಯೋಪಿಯಾ ಮೂಲದ ಯಹೂದಿ ಮಹಿಳೆ ‘ತ್ಸಿಯೋನ್ ಕೆಫೆ’ ತೆರೆದರು. ಮೊದಮೊದಲು ಮಾಂಸವೂ ಬೇಯುತ್ತಿದ್ದ ಆ ಅಡಿಗೆಮನೆ ಕೆಲವು ವರ್ಷಗಳ ತರುವಾಯ ಯಹೂದಿ ಧರ್ಮಶಾಸ್ತ್ರ ಒಪ್ಪುವ ಕೋಷರ್ ಕ್ರಮಕ್ಕೂ, ಹಾಲು ತುಪ್ಪಗಳನ್ನು ಸಹ ವರ್ಜಿಸಿದ ಸಸ್ಯಾಹಾರಕ್ಕೂ ತಿರುಗಿತು. ಕೋಳಿ ಕರಿದ ಜಾಗದಲ್ಲಿ ಮೊಟ್ಟೆಗೂ ಪ್ರವೇಶವಿಲ್ಲದಂತಾಯಿತು.

ಇದನ್ನು ಮೊದಲು ತಿಳಿದಾಗ ನನಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಯಿತೆಂದು ಒಪ್ಪಿಕೊಳ್ಳಬೇಕು. ಊಟದ ನಿಯಮಗಳು ಹೆಚ್ಚಿದಷ್ಟೂ ಪಂಕ್ತಿ ಕಿರಿದಾಗುವುದನ್ನು ಕಂಡು ಬೆಳೆದವರು ನಾವು; ನಮ್ಮ ಹಳೆಯ ಕಾಫಿ ಕ್ಲಬ್ಬುಗಳಲ್ಲಿ ಬ್ರಾಹ್ಮಣರಿಗೆಂದೇ ಪ್ರತ್ಯೇಕ ಕೋಣೆಗಳಿದ್ದುದು ಮರೆತುಹೋಗುವಷ್ಟು ಪುರಾತನವಾದ ಸಂಗತಿಯೇನೂ ಅಲ್ಲ. ಆದರೆ ಕೋಷರ್ ನಿಯಮವನ್ನು ಒಳಹೊಕ್ಕು ನೋಡಿದರೆ ಲೆಕ್ಕ ತಿರುಗಿಬೀಳುತ್ತದೆ. ಆ ಶಾಸ್ತ್ರದಲ್ಲಿ ಮಾಂಸಕ್ಕೂ ಹಾಲಿಗೂ ಸಂಪರ್ಕ ಕೂಡದು. ಪಾತ್ರೆ, ಸೌಟುಗಳೂ ಬೇರೆ ಬೇರೆಯಾಗಿರಬೇಕು. ಎರಡನ್ನೂ ಹೊಸ್ತಿಲಾಚೆಗೆ ಇಟ್ಟುಬಿಟ್ಟರೆ ತೊಡಕಿನ ಬಹುಭಾಗ ತಾನಾಗಿಯೇ ಕರಗುತ್ತದೆ. ಉಳಿಯುವುದು ಎಲೆಯ ಹಿಂದೆ ಹುಳುವಿದ್ದೀತೆಂದು ಸೊಪ್ಪನ್ನು ಸೋಸುವುದು, ಹಿಟ್ಟನ್ನು ಜರಡಿ ಹಿಡಿಯುವುದು ಮೊದಲಾದ, ನಮ್ಮ ಅಜ್ಜಿಯರು ಯಾವ ಶಾಸ್ತ್ರದ ಹಂಗೂ ಇಲ್ಲದೆ ಮಾಡುತ್ತಿದ್ದ ಕೆಲಸಗಳು. ಹೀಗೆ ಸಿದ್ಧವಾದ ಅಡಿಗೆಯನ್ನು ನಿಷ್ಠಾವಂತ ಯಹೂದಿಯೂ ಮುಸಲ್ಮಾನನೂ ನಮ್ಮ ಕಡೆಯ ಸಸ್ಯಾಹಾರಿಯೂ ನಿಶ್ಚಿಂತೆಯಿಂದ ಉಣ್ಣಬಹುದು. ಈರುಳ್ಳಿ ಬಿಟ್ಟವರು ಮಾತ್ರ ಹಸಿದೇ ಏಳಬೇಕಾದೀತು, ಏಕೆಂದರೆ ಇಥಿಯೋಪಿಯಾದ ‘ವೊಟ್’ ಎಂಬ ಗೊಜ್ಜು ಆರಂಭವಾಗುವುದೇ ರಾಶಿ ಈರುಳ್ಳಿಯನ್ನು ನಿಧಾನವಾಗಿ ಬಾಡಿಸುವುದರಿಂದ.

ಈ ಸಸ್ಯಾಹಾರವನ್ನು ಅಮೆರಿಕದ ಹೊಸ ಶೋಕಿಯೆಂದು ಭಾವಿಸುವುದು ತಪ್ಪು. ಇಥಿಯೋಪಿಯಾದ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ ಶುಕ್ರವಾರಗಳಲ್ಲಿಯೂ, ಈಸ್ಟರಿಗೆ ಮುಂಚಿನ 55 ದಿನಗಳ ದೀರ್ಘ ವ್ರತದಲ್ಲಿಯೂ ಮಾಂಸ, ಹಾಲು, ಬೆಣ್ಣೆಗಳನ್ನು ಮುಟ್ಟುವುದಿಲ್ಲ. ಕಡಲೆಹಿಟ್ಟಿನ ‘ಶಿರೋ’, ಬೆರ್ಬೆರೆ ಎಂಬ ಕಾರದ ಪುಡಿ ಹಾಕಿ ಬೇಯಿಸಿದ ಮಸೂರಬೇಳೆ, ‘ಗೊಮೆನ್’ ಎಂಬ ಸೊಪ್ಪಿನ ಪಲ್ಯ ಇವೆಲ್ಲ ಅಂಥ ದಿನಗಳಲ್ಲಿ ಹದಗೊಂಡ ಭಕ್ಷ್ಯಗಳು. ನಷ್ಟವೇ ಇಲ್ಲವೆನ್ನಲಾರೆ: ಸಾಂಬಾರ ಹಾಕಿ ಕಾಯಿಸಿದ ಅವರ ತುಪ್ಪವೂ, ಹಬ್ಬದ ಕೋಳಿಸಾರೂ ಇಲ್ಲದ ಇಥಿಯೋಪಿಯಾ ಪೂರ್ಣ ಇಥಿಯೋಪಿಯಾವಲ್ಲ.

ಎಲ್ಲಕ್ಕೂ ಆಧಾರವಾದದ್ದು ಇಂಜೆರಾ. ‘ಟೆಫ್’ ಎಂಬ, ಸಾಸಿವೆಗಿಂತಲೂ ಚಿಕ್ಕ ಧಾನ್ಯದ ಹಿಟ್ಟನ್ನು ಕಲಸಿ ಎರಡು ಮೂರು ದಿನ ಹುಳಿಬರಿಸಿ, ಅಗಲವಾದ ಕಾವಲಿಯ ಮೇಲೆ ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಹೊಯ್ದು ಮುಚ್ಚಳವಿಡುತ್ತಾರೆ, ಮಗುಚುವುದಿಲ್ಲ. ಆವಿಯಲ್ಲಿ ಬೇಯುತ್ತಿದ್ದಂತೆ ಮೈಯೆಲ್ಲ ತೂತು ಬೀಳುತ್ತದೆ. ಆ ತೂತುಗಳಿಗೆ ಅವರ ಭಾಷೆಯಲ್ಲಿ ಕಣ್ಣು ಎಂದೇ ಹೆಸರು. ಎಲ್ಲರ ಮನೆಯ ದೋಸೆಯೂ ತೂತೇ ಎಂದು ನಾವು ಸಮಾಧಾನ ಹೇಳಿಕೊಂಡರೆ, ಅಲ್ಲಿ ತೂತಿಲ್ಲದ್ದೇ ಕೆಟ್ಟ ಇಂಜೆರಾ. ಟೆಫ್ ಸಸ್ಯಶಾಸ್ತ್ರದ ದೃಷ್ಟಿಯಿಂದ ನಮ್ಮ ರಾಗಿಯ ದಾಯಾದಿ; ಆ ರಾಗಿಯಾದರೋ ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿಯೇ ಮೊದಲು ಬೇಸಾಯಕ್ಕೊಳಪಟ್ಟು ಸಹಸ್ರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದು. ರಾಗಿಹೊಲದ ಅಂಚಿನಲ್ಲಿ ಹಳದಿಯಾಗಿ ಅರಳುವ ಹುಚ್ಚೆಳ್ಳಿನ ತವರೂ ಇಥಿಯೋಪಿಯಾ. ಮುದ್ದೆಗೆ ಹುಚ್ಚೆಳ್ಳಿನ ಚಟ್ನಿ ನಂಜಿಕೊಳ್ಳುವ ರೈತ ತನಗರಿಯದೆಯೇ ಅವರ ಪಂಕ್ತಿಯಲ್ಲಿ ಕುಳಿತವನು.

ಆದರೆ ನನ್ನ ಸಂಶಯವನ್ನು ನೀಗಿದ್ದು ಧಾನ್ಯದ ನಂಟಸ್ತಿಕೆಯಲ್ಲ, ಬರ್ಹಾನಿಯವರ ಸಮುದಾಯದ ಪೂರ್ವೇತಿಹಾಸ. ‘ಬೇಟಾ ಇಸ್ರೇಲ್’ ಎಂದು ತಮ್ಮನ್ನು ಕರೆದುಕೊಳ್ಳುವ ಇಥಿಯೋಪಿಯಾದ ಯಹೂದಿಗಳನ್ನು ನೆರೆಹೊರೆಯವರು ಭೂಮಿಯಿಲ್ಲದ ಪರಕೀಯರೆಂಬ ಅರ್ಥದ ‘ಫಲಾಶಾ’ ಎಂಬ ಹೆಸರಿನಿಂದ ಹಳಿದರು. ಕಮ್ಮಾರಿಕೆ ಕುಂಬಾರಿಕೆಗಳಿಂದ ಜೀವಿಸುತ್ತಿದ್ದ ಅವರ ದೃಷ್ಟಿ ತಾಕಿದರೆ ಕೇಡೆಂದು ಅಂಜಿ ದೂರವಿಟ್ಟರು. ಇತ್ತ ಅವರೂ ಪರಧರ್ಮೀಯರ ಸ್ಪರ್ಶವಾದರೆ ಮೀಯುತ್ತಿದ್ದರು, ಅಂಥವರು ಮುಟ್ಟಿದ ಅನ್ನವನ್ನು ಒಲ್ಲೆವೆನ್ನುತ್ತಿದ್ದರು. ‘ನನ್ನನ್ನು ಮುಟ್ಟಬೇಡ’ ಎಂಬ ಅರ್ಥದ ‘ಅತ್ತೆಂಕುಞ್’ ಎಂಬ ಮಾತೇ ಆ ಆಚಾರದ ಹೆಸರಾಗಿದ್ದಿತು. ಮುಟ್ಟಿಸಿಕೊಳ್ಳದವರೂ ತಾವೇ, ಇತರರು ಮುಟ್ಟದವರೂ ತಾವೇ ಆಗಿದ್ದ ಜನ! ಮಡಿಮೈಲಿಗೆಯನ್ನು ಬಲ್ಲ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನಂತರದ ಕಥೆ ದೀರ್ಘವಾದುದು: ಇಸ್ರೇಲಿಗೆ ಹೋಗಲೆಂದು ಕಾಲ್ನಡಿಗೆಯಲ್ಲಿ ಸುಡಾನಿನತ್ತ ಹೊರಟವರಲ್ಲಿ ಸಹಸ್ರಾರು ಮಂದಿ ದಾರಿಯಲ್ಲಿಯೂ ಶಿಬಿರಗಳಲ್ಲಿಯೂ ಮಡಿದರು; 1991ರ ಮೇ ತಿಂಗಳಿನಲ್ಲಿ 36 ಗಂಟೆಗಳೊಳಗೆ 14,000ಕ್ಕೂ ಹೆಚ್ಚು ಜನರನ್ನು ವಿಮಾನಗಳಲ್ಲಿ ಇಸ್ರೇಲಿಗೆ ಸಾಗಿಸಲಾಯಿತು. ಬರ್ಹಾನಿಯವರು ಅದಕ್ಕೆ ಮುಂಚೆಯೇ, ಬಾಲ್ಯದಲ್ಲಿ, ಸುಡಾನಿನ ಮಾರ್ಗವಾಗಿ ಇಸ್ರೇಲನ್ನು ಸೇರಿ, ಬೆಳೆದ ಮೇಲೆ ನ್ಯೂಯಾರ್ಕಿಗೆ ಬಂದವರು.

ಅವರು 2025ರಲ್ಲಿ ಪ್ರಕಟಿಸಿದ ಪಾಕಪುಸ್ತಕಕ್ಕೆ ‘ಗುರ್ಶಾ’ ಎಂದು ಹೆಸರಿಟ್ಟಿದ್ದಾರೆ. ಒಂದೇ ಹರಿವಾಣದ ಸುತ್ತ ಕುಳಿತವರಲ್ಲಿ ಒಬ್ಬರು ಇಂಜೆರಾದ ಚೂರು ಹರಿದು, ಅದರಲ್ಲಿ ಬೇಳೆಯನ್ನೋ ಸೊಪ್ಪನ್ನೋ ಸುತ್ತಿ, ಪಕ್ಕದವರ ಬಾಯಿಗೆ ತಮ್ಮ ಕೈಯಿಂದಲೇ ಇಡುವುದಕ್ಕೆ ಗುರ್ಶಾ ಎನ್ನುತ್ತಾರೆ. ನಮ್ಮ ಕೈತುತ್ತೇ ಅದು; ಆದರೆ ನಾವು ಅದನ್ನು ಮಕ್ಕಳಿಗೆ ಮಾತ್ರ ಮೀಸಲಿಟ್ಟಿದ್ದೇವೆ. ‘ಮುಟ್ಟಬೇಡ’ ಎಂಬ ಆಚಾರವಿದ್ದ ಕುಲದ ಮಗಳು, ಶಾಸ್ತ್ರವನ್ನು ಬಿಡದೆ ಇನ್ನಷ್ಟು ಬಿಗಿಯಾಗಿ ಹಿಡಿದು, ಅದರ ಮೂಲಕವೇ ಎಲ್ಲರಿಗೂ ಎಲೆ ಹಾಕುವ ದಾರಿಯನ್ನು ಕಂಡುಕೊಂಡರು. ವ್ರತವೆಂಬುದು ಉಣ್ಣುವವನು ತನ್ನ ತಟ್ಟೆಗೆ ಹಾಕಿಕೊಂಡ ಎಲ್ಲೆಯೇ ಹೊರತು ಪಕ್ಕದವನ ಯೋಗ್ಯತೆಯನ್ನು ಅಳೆಯುವ ಕೋಲಲ್ಲ. ನಮ್ಮ ಹೋಟೆಲುಗಳ ಮಾಲೀಕರಲ್ಲಿ ನನ್ನದೊಂದು ಬಿನ್ನಹ: ‘ಶುದ್ಧ ಸಸ್ಯಾಹಾರಿ’ ಎಂಬ ಫಲಕದಲ್ಲಿ ಎರಡನೆಯ ಮಾತು ಇರಲಿ, ಮೊದಲನೆಯದನ್ನು ಅಳಿಸಿಬಿಡಿ. ಸಾರಿನ ರುಚಿಗೆ ಅದರಿಂದ ಏನೂ ಕುಂದಾಗದು.